ಮೂರನೇ ಬೀಗ

ಗುಂಡಿಗೆ ಇಳಿಯುವವನಿಗೆ ಮೂರು ಬೀಗ ಇರಬೇಕು ಎಂಬುದು ಆ ಲಿಫ್ಟ್ ರಿಪೇರಿ ಆಫೀಸಿನ ಕಟ್ಟಳೆ. ಗುಂಡಿ ಎಂದರೆ ಲಿಫ್ಟಿನ ಬಾವಿಯ ತಳ. ಮೇಲೆ ಟನ್‌ಗಟ್ಟಲೆ ಕಬ್ಬಿಣ ತೂಗುತ್ತಿರುವಾಗ ಮೆಕ್ಯಾನಿಕ್ ಅಲ್ಲಿ ಕುಕ್ಕರುಗಾಲಲ್ಲಿ ಕೂತು ಕೆಲಸ ಮಾಡಬೇಕು. ಮೊದಲ ಬೀಗ, ತಳದ ಗೋಡೆಯಲ್ಲಿರುವ ಕೆಂಪು ಸ್ವಿಚ್ಚು. ಎರಡನೆಯದು ಮೇನ್ ಸ್ವಿಚ್ಚಿಗೆ ಹಾಕುವ ನಿಜವಾದ ಬೀಗ. ಕೀಲಿ ಇಳಿದವನ ಜೇಬಿನಲ್ಲಿ. ಮೂರನೆಯದು ಮನುಷ್ಯ. ಆಫೀಸಿನ ಮೇಜಿನ ಮುಂದೆ ಚಾಟ್ ಪರದೆ ನೋಡುತ್ತ ಕೂತ ಒಬ್ಬ ಮನುಷ್ಯ.

ಈ ಮೂರನೇ ಬೀಗವನ್ನು ಹಟ ಹಿಡಿದು ತಂದವರು ಮಾವ. ಮಾವ ಎಂದು ಆಫೀಸಿನವರೆಲ್ಲ ಕರೆಯುತ್ತಿದ್ದರೂ ನಿಜವಾಗಿ ಮಾವನಾಗಿದ್ದದ್ದು ಇಬ್ಬರಿಗೆ: ಸ್ಟೋರು ನೋಡಿಕೊಳ್ಳುವ ಅಕ್ಕನಿಗೆ ಮತ್ತು ಮೆಕ್ಯಾನಿಕ್ ಆಗಿದ್ದ ಅವಳ ತಮ್ಮನಿಗೆ. ತಾಯಿಯ ಬೆನ್ನಿಗೆ ಹುಟ್ಟಿದ ಸೋದರಮಾವ. ಅಪ್ಪ ಹೋದ ಮೇಲೆ ಇಬ್ಬರನ್ನೂ ದಡ ಮುಟ್ಟಿಸಿದವರು. ಒಂದು ಕಾಲದಲ್ಲಿ ಅವರೂ ಗುಂಡಿಗಿಳಿಯುತ್ತಿದ್ದರು. ಒಂದು ದಿನ ಅವರು ಕೆಳಗಿದ್ದಾಗ ಯಾವನೋ ಪುಣ್ಯಾತ್ಮ ಬೀಗ ಒಡೆದು ಕರೆಂಟು ಕೊಟ್ಟ. ಕೆಂಪು ಸ್ವಿಚ್ಚಿಗೆ ತುಕ್ಕು ಹಿಡಿದಿತ್ತು. ಜೀವ ಉಳಿಯಿತು, ಬಲಗೈಯ ಎರಡು ಬೆರಳು ಉಳಿಯಲಿಲ್ಲ.

"ಬೆರಳಿಗೆ ನಾನು ಅಳಲಿಲ್ಲ. ಎರಡು ಗಂಟೆ ಕೂಗಿದೆನಲ್ಲ, ಓ ಅನ್ನೋ ಒಂದು ನರಪಿಳ್ಳೆ ಇರಲಿಲ್ಲ. ಅದಕ್ಕೆ ಅಳು ಬಂತು" ಎಂದು ಹೊಸದಾಗಿ ಸೇರಿದವರಿಗೆಲ್ಲ ಅವರು ಹೇಳುತ್ತಿದ್ದರು.

ಹಾಗಾಗಿ ಕ್ರಮ ಹೀಗಿತ್ತು. ಇಳಿಯುವವನು ಆಫೀಸಿನ ಚಾಟ್‌ನಲ್ಲಿ 'ಇಳೀಲಾ?' ಎಂದು ಬರೆಯಬೇಕು. ಮೇಜಿನಲ್ಲಿರುವವರು ಉತ್ತರಿಸಿದ ಮೇಲೇ ಇಳಿಯಬೇಕು. ಇಳಿದವನು ಹತ್ತು ನಿಮಿಷಕ್ಕೊಮ್ಮೆ 'ಇದ್ದೀನಿ' ಎನ್ನಬೇಕು. ಅನ್ನದಿದ್ದರೆ ಮೇಜಿನವರು ತಕ್ಷಣ ಆ ಕಟ್ಟಡದ ಕಾವಲುಗಾರನಿಗೆ ಫೋನು ಮಾಡಬೇಕು. ಇನ್ನೂ ಒಂದು ನಿಯಮವಿತ್ತು, ಅದು ಅಪ್ಪಟ ಮಾವನದು: ಉತ್ತರ ಬರೀ 'ಹೂಂ' ಆಗಿರಬಾರದು. "ಹೂಂ ಅನ್ನೋದು ನಿದ್ದೆಗಣ್ಣಲ್ಲೂ ಬರುತ್ತೆ. ತಮಾಷೆ ಬರಬೇಕಾದರೆ ಮನುಷ್ಯ ಎಚ್ಚರ ಇರಬೇಕು." ಆದ್ದರಿಂದ ಪ್ರತಿ ಉತ್ತರದಲ್ಲೂ ಒಂದು ಕೊಂಕೋ ಕೀಟಲೆಯೋ ಇರುತ್ತಿತ್ತು. ಮೇಜಿನಲ್ಲಿ ಕೂರುತ್ತಿದ್ದವರೂ ಮಾವನೇ. ಮಾವನ ಕೀಟಲೆ ಕೇಳಲಿಕ್ಕೇ ಗುಂಡಿಗಿಳಿಯುತ್ತೇವೆ ಎಂದು ಮೆಕ್ಯಾನಿಕ್‌ಗಳು ಹೇಳುವುದಿತ್ತು.

ಚಾಟ್ ಸರ್ವರು ಹೊರಗಿನವರದಲ್ಲ, ಆಫೀಸಿನ ಸ್ವಂತದ್ದು. ಸ್ಟೋರಿನ ಮೇಲಿನ ಅಟ್ಟದಲ್ಲಿ, ಗ್ರೀಸ್ ಡಬ್ಬಗಳ ಪಕ್ಕ, ಒಂದು ಹಳೇ ಕಂಪ್ಯೂಟರಿನ ಹೊಟ್ಟೆಯೊಳಗೆ ಅದರ ವಾಸ. ಅದನ್ನು ನೋಡಿಕೊಳ್ಳುವ ಕೆಲಸ ಸ್ಟೋರಕ್ಕನದು. ಸಂಜೆ ಕ್ಲಾಸಿನಲ್ಲಿ ಎರಡು ವರ್ಷ ಕಂಪ್ಯೂಟರ್ ಕಲಿತವಳು. ಹಗಲು ಕಾಲೇಜಿನಲ್ಲಿ ಓದಿದವರ ಮುಂದೆ ತನ್ನದು ಅರೆಬೆಂದ ವಿದ್ಯೆ ಎಂಬ ಅಳುಕು ಅವಳನ್ನು ಬಿಟ್ಟಿರಲಿಲ್ಲ. ಆ ಅಳುಕಿನಿಂದಲೇ ಮಾಡಿದ್ದನ್ನೆಲ್ಲ ಗೆರೆ ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡುತ್ತಿದ್ದಳು. ಸ್ಟೋರಿಗೆ ಬೀಗ ಹಾಕಿ ಮೂರು ಸಲ ಹಿಂತಿರುಗಿ ಎಳೆದು ನೋಡುತ್ತಿದ್ದಳು. "ಸ್ಟೋರಕ್ಕ ಹಾಕಿದ ಬೀಗಕ್ಕೆ ಸಂಜೆ ಹೊತ್ತಿಗೆ ಮೈಕೈ ನೋವು" ಎಂದು ಹುಡುಗರು ನಗುತ್ತಿದ್ದರು.

ಆ ಸಂಜೆ ಕ್ಲಾಸಿಗೆ ಅವಳನ್ನು ಕರೆದುಕೊಂಡು ಹೋಗಿ ಬಿಡುತ್ತಿದ್ದವರೂ ಮಾವನೇ. ಮುಗಿಯುವವರೆಗೆ ಹಿಂದಿನ ಬೆಂಚಿನಲ್ಲಿ ಕೂತು ತೂಕಡಿಸುತ್ತಿದ್ದರು. ಮೇಷ್ಟ್ರು ಪಾಪ ಅಂತ ಸುಮ್ಮನಿರುತ್ತಿದ್ದರು.

ಭಾನುವಾರ ಅವಳು ಸರ್ವರಿನ ತಂತ್ರಾಂಶವನ್ನು ಹೊಸದಕ್ಕೆ ಏರಿಸಿದಳು. ಸೋಮವಾರ ಬೆಳಿಗ್ಗೆ ನೋಡಿದರೆ ಮಾತುಕತೆ ಓಡಾಡುತ್ತಿದೆ, ಆದರೆ ಸರ್ವರಿಗೆ ಅಂಟಿಸಿದ್ದ ಮೂರು ಆಡ್-ಆನ್‌ಗಳೂ ಉಸಿರು ನಿಲ್ಲಿಸಿವೆ. ಆಫೀಸಿನವರು ಅವನ್ನು ಬಾಲ ಎನ್ನುತ್ತಿದ್ದರು. ಒಂದನೇ ಬಾಲ, ಯಾವ ಲಿಫ್ಟಿನಲ್ಲಾದರೂ ಅಪಾಯದ ಗಂಟೆ ಒತ್ತಿದರೆ ಚಾಟ್‌ಗೆ ಸುದ್ದಿ ತರುವುದು. ಎರಡನೆಯದು ಕಾವಲುಗಾರರ ಎಸ್ಸೆಮ್ಮೆಸ್ಸುಗಳನ್ನು ಚಾಟ್‌ಗೆ ದಾಟಿಸುವುದು. ಮೂರನೆಯದು ಮಾವ ಎಂಟು ತಿಂಗಳ ಹಿಂದೆ ಕೇಳಿ ಹಾಕಿಸಿಕೊಂಡದ್ದು: ಯಾರಾದರೂ 'ಇಳೀಲಾ?' ಎಂದರೆ ಅವರ ಫೋನು ಕುಯ್ಯೋ ಮರ್ರೋ ಎಂದು ನೆನಪಿಸಬೇಕು. "ವಯಸ್ಸಾಯ್ತಲ್ಲ ಮರಿ, ಕಣ್ಣು ಅತ್ತಿತ್ತ ಹೋದರೆ ಅಂತ." ನೆನಪಿನ ಚೀಟಿ ನನ್ನ ಹೆಸರಲ್ಲೇ ಬೀಳಲಿ, ಬೇರೆ ಹೆಸರು ಕಂಡರೆ ಹುಡುಗರು ಆಡಿಕೊಳ್ತಾರೆ ಎಂದಿದ್ದರು. ಒಬ್ಬರ ಹೆಸರಲ್ಲಿ ಮಾತಾಡುವ ಅನುಮತಿಯನ್ನು ಆಡ್-ಆನ್‌ಗೆ ಸುಮ್ಮಸುಮ್ಮನೆ ಕೊಡಬೇಡಿ ಎಂದು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿತ್ತು. ಅವಳು ಎರಡು ದಿನ ಯೋಚಿಸಿ ಕೊಟ್ಟಿದ್ದಳು. ಗೆರೆ ಪುಸ್ತಕದಲ್ಲಿ ಬರೆದೂ ಇದ್ದಳು: 'ಮಾವನ ಹೆಸರಲ್ಲಿ ಬರೆಯಲು ಅನುಮತಿ. ಅವರೇ ಕೇಳಿದ್ದು.'

ಒಂದು ಸಲಕ್ಕೆ ಒಂದೇ ಬದಲಾವಣೆ. ಬದಲಿಸು, ನೋಡು, ಬರೆ. ಮೇಷ್ಟ್ರು ಕಲಿಸಿದ ಈ ಮೂರು ಮಾತು ಅವಳ ಕೈಗೋಲು. ಮೊದಲ ಬಾಲದ ಫೈಲನ್ನು ಓದಲು ಸರ್ವರಿಗೆ ಹಕ್ಕಿಲ್ಲ ಎಂದು ಸರ್ವರಿನ ದಿನಚರಿಯಾದ ಲಾಗ್ ಹೇಳಿತು. ಹಕ್ಕು ಕೊಟ್ಟಳು, ಸರ್ವರನ್ನು ಮಲಗಿಸಿ ಎಬ್ಬಿಸಿದಳು, ಗಂಟೆ ಬಡಿಯಿತು. ಎರಡನೆಯದನ್ನು ಸರ್ವರು ಹಳೇ ವಿಳಾಸದಲ್ಲಿ ಹುಡುಕುತ್ತಿತ್ತು. ವಿಳಾಸ ತಿದ್ದಿದಳು, ರಾತ್ರಿಯಿಂದ ಬಾಗಿಲಲ್ಲಿ ಕಾದು ನಿಂತಿದ್ದ ಐದು ಎಸ್ಸೆಮ್ಮೆಸ್ಸುಗಳು ಒಟ್ಟಿಗೆ ಒಳನುಗ್ಗಿದವು. ತಲುಪದೆ ಉಳಿದದ್ದನ್ನು ಸರ್ವರು ಎಸೆಯುವುದಿಲ್ಲ, ಬಾಲ ಎದ್ದ ಕೂಡಲೇ ಎಲ್ಲ ಒಪ್ಪಿಸುತ್ತದೆ. ಅದನ್ನೂ ಬರೆದುಕೊಂಡಳು.

ಮೂರನೆಯದಕ್ಕೆ ಕೈ ಹಾಕುವಾಗ ಹನ್ನೊಂದು ದಾಟಿತ್ತು. ಪರದೆಯ ಮೂಲೆಯಲ್ಲಿ ತಮ್ಮನ ಮಾತು ಕಾಣಿಸಿತು: 'ಇಳೀಲಾ?' ಅದು ಬಂದು ಹನ್ನೆರಡು ನಿಮಿಷವಾಗಿತ್ತು. ಕೆಳಗೆ ಇನ್ನೊಂದು: 'ಮಾವಾ?' ಅದರ ಕೆಳಗೆ: 'ಮಾವಾ, ಕಾಲಿಗೆ ಬೇರು ಬಿಡ್ತಾ ಇದೆ.'

ಮಾವ ಉತ್ತರಿಸದೆ ಇರುವವರಲ್ಲ. ಟಾಯ್ಲೆಟ್ಟಿಗೆ ಹೋಗಿರಬೇಕು. ಕೈಯಲ್ಲಿದ್ದ ಕೆಲಸ ಮುಗಿಸಿ ಹೋಗಿ ನೋಡೋಣವೆಂದುಕೊಂಡಳು. ಸರ್ವರಿನ ಕಡೆಯ ಪಾಸ್‌ವರ್ಡಿನಂಥ ಗುಟ್ಟಿನ ಕೀಲಿಗೂ ಬಾಲದ ಕಡೆಯ ಕೀಲಿಗೂ ತಾಳೆಯಾಗುತ್ತಿರಲಿಲ್ಲ. ಭಾನುವಾರ ಅವಳೇ ಒಂದು ಕಡೆ ಬದಲಿಸಿ ಇನ್ನೊಂದು ಕಡೆ ಮರೆತಿದ್ದಳು. ಸರಿಮಾಡಿ, ಸರ್ವರನ್ನು ಎಬ್ಬಿಸಿ, ಲ್ಯಾಪ್‌ಟಾಪನ್ನು ಎತ್ತಿಕೊಂಡೇ ಮಾವನ ಕೋಣೆಗೆ ನಡೆದಳು.

ಕುರ್ಚಿ ಖಾಲಿಯಿತ್ತು. ಕುರ್ಚಿಯ ಬೆನ್ನಿಗೆ ಅವರ ಹೆಗಲ ಚೀಲ. ಕಿಟಕಿಯಾಚೆ ರಸ್ತೆ, ರಸ್ತೆಯಾಚೆ ನಕಲಿ ಕೀ ಮಾಡಿಕೊಡುವವನ ಅಂಗಡಿ. ಅಂಗಡಿಯೊಳಗೆ ಮಾವ ಚದುರಂಗದ ಮಣೆಯ ಮುಂದೆ ಗಲ್ಲಕ್ಕೆ ಮೂರು ಬೆರಳಿನ ಕೈ ಕೊಟ್ಟು ಕೂತಿದ್ದರು. ಅವರ ಮುಂದೆ ಫೋನಿರಲಿಲ್ಲ. ಫೋನು ಇಲ್ಲೇ ಮೇಜಿನ ಮೇಲೆ ಬೋರಲು ಬಿದ್ದಿತ್ತು.

ಆಗ ಅವಳ ತೋಳಿನ ಮೇಲಿದ್ದ ಪರದೆಯಲ್ಲಿ ಮಾವ ಮಾತಾಡಿದರು:

'ಇಳಿ ರಾಜಾ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದೀನಿ. ಆಕಳಿಸಿದರೂ ಒಂದೇ ಕಣ್ಣಲ್ಲಿ ಆಕಳಿಸ್ತೀನಿ.'

ಅವಳು ಪರದೆ ನೋಡಿದಳು, ಕಿಟಕಿ ನೋಡಿದಳು. ಮಾವ ಆನೆಯನ್ನು ಎತ್ತಿ ಇಡುತ್ತಿದ್ದರು. ಮತ್ತೆ ಪರದೆ ನೋಡುವಷ್ಟರಲ್ಲಿ ತಮ್ಮ ಬರೆದಾಗಿತ್ತು: 'ಅಂತೂ ದೇವರು ಕಣ್ಣು ಬಿಟ್ಟ. ಇಳಿದೆ.'

ತಾನು ಎಬ್ಬಿಸಿದ ಬಾಲ ಅದು. ಅಷ್ಟು ಹೊತ್ತು ತಲುಪದೆ ಉಳಿದಿದ್ದ 'ಇಳೀಲಾ?'ವನ್ನು ಸರ್ವರು ಒಪ್ಪಿಸಿದೆ, ಬಾಲ ಉತ್ತರ ಕೊಟ್ಟಿದೆ, ತಮ್ಮ ಇಳಿದಿದ್ದಾನೆ. ಕಾಯಲು ಯಾರೂ ಇಲ್ಲ.

ಫೋನು ಮಾಡಿದಳು. ಗುಂಡಿಯಲ್ಲಿ ಕೈತುಂಬ ಕೆಲಸವಿರುವಾಗ ಯಾರೂ ಎತ್ತುವುದಿಲ್ಲ, ಅವನೂ ಎತ್ತಲಿಲ್ಲ. 'ತಮ್ಮಾ, ಮೇಲೆ ಬಾ' ಎಂದು ಬರೆದಳು. ನೋಡಿದ ಗುರುತು ಬೀಳಲಿಲ್ಲ. ಮಾವನನ್ನು ಕೂಗಿ ಕರೆಯಲು ಬಾಗಿಲವರೆಗೆ ಹೋಗಿ, ಮೇಜು ಬಿಟ್ಟು ಹೋದರೆ ಇನ್ನೂ ಖಾಲಿ ಅಲ್ಲವೇ ಎನ್ನಿಸಿ ಹಿಂದೆ ಬಂದು ಕುರ್ಚಿಯಲ್ಲಿ ಕೂತಳು. ಗೋಡೆ ಗಡಿಯಾರ ನೋಡಿ ಗೆರೆ ಪುಸ್ತಕದಲ್ಲಿ ಬರೆದಳು: ಇಳಿದದ್ದು ಹನ್ನೊಂದು ಇಪ್ಪತ್ತೆರಡು.

ಕಾಯುವ ಹತ್ತು ನಿಮಿಷದಲ್ಲಿ ಬಾಲದ ಸೆಟ್ಟಿಂಗ್ ಪುಟ ತೆರೆದಳು. ಅವಳು ಹಾಕಿಕೊಟ್ಟಿದ್ದು ಒಂದೇ ಸಾಲು: ಈ ಮಾತು ಬಂದರೆ ಮಾವನ ಫೋನು ಬಡಿ. ಆ ಸಾಲನ್ನು ಯಾರೋ ಅಳಿಸಿದ್ದರು. ಅಲ್ಲೀಗ ನೂರ ನಲವತ್ತು ಸಾಲುಗಳಿದ್ದವು. 'ಇಳೀಲಾ?'ಗೆ ತೊಂಬತ್ತು ಉತ್ತರ, 'ಇದ್ದೀನಿ'ಗೆ ಐವತ್ತು. ಏಳು ಸೆಕೆಂಡು ತಡೆದು, ಯಾವುದಾದರೊಂದನ್ನು ಆರಿಸಿ ಹೇಳು.

ಸಾಲುಗಳನ್ನು ಓದುತ್ತ ಹೋದಳು. ಎಲ್ಲ ಮಾವನವು. ಎಲ್ಲ ಅವಳೇ ಟೈಪು ಮಾಡಿದವು. ಕಳೆದ ವರ್ಷ, "ನನಗೆ ಎಂಟೇ ಬೆರಳು, ನೀನು ಹೊಡೆದು ಕೊಡು ಮರಿ, ನಾನು ಹೋದಮೇಲೆ ಓದ್ಕೊಂಡು ನಗಿ" ಎಂದು ಹೇಳಿ ಮೂರು ಸಂಜೆ ಕೂತು ಬರೆಸಿದ್ದರು. ಮಾವ ಹೋಗುವ ಮಾತಾಡಿದ್ದಕ್ಕೆ ಅವಳು ಕಣ್ಣು ಒದ್ದೆ ಮಾಡಿಕೊಂಡೇ ಟೈಪಿಸಿದ್ದಳು.

ತನಗೆ ಗೊತ್ತಾಗಬೇಕಿತ್ತಲ್ಲವೇ? ಹೋದ ತಿಂಗಳು ಕುಳ್ಳ ಮೆಕ್ಯಾನಿಕ್‌ಗೆ, ತಾನು ಹಿಂದೆ ಟೈಪಿಸಿದ್ದ 'ತಲೆ ಹೊರಗುಳಿದೀತು, ಬಗ್ಗು ಉದ್ದಪ್ಪಾ' ಎಂಬ ಉತ್ತರ ಬಂದಾಗ ಆಫೀಸಿಗೆ ಆಫೀಸೇ ಬಿದ್ದು ಬಿದ್ದು ನಕ್ಕಿತ್ತು. ಮಾವನ ತಲೆಯೇ ತಲೆ ಎಂದಿದ್ದರು. ಮನುಷ್ಯ ತನ್ನ ಹಳೇ ತಮಾಷೆಯನ್ನು ಮತ್ತೆ ಹೇಳುವುದು ಲೋಕಾರೂಢಿ, ಅದರಲ್ಲಿ ಅನುಮಾನ ಪಡುವುದೇನಿತ್ತು? ಇತ್ತೋ ಏನೋ. ಅವಳಿಗೆ ತಿಳಿಯಲಿಲ್ಲ.

ಗಡಿಯಾರ ಹನ್ನೊಂದು ಮೂವತ್ತೆರಡು ತೋರಿಸಿತು. 'ಇದ್ದೀನಿ' ಬರಲಿಲ್ಲ.

ಮಾತಿಗೆ ಮಾತು ಕೊಡುವುದನ್ನು ಆ ಪಟ್ಟಿ ಕಲಿತಿತ್ತು. ಮಾತೇ ಬರದಿದ್ದರೆ ಏನು ಮಾಡಬೇಕೆಂದು ನೂರ ನಲವತ್ತು ಸಾಲಿನಲ್ಲಿ ಒಂದರಲ್ಲೂ ಇರಲಿಲ್ಲ.

ಮೂವತ್ಮೂರಕ್ಕೆ ಕಟ್ಟಡದ ಕಾವಲುಗಾರನಿಗೆ ಫೋನು ಮಾಡಿದಳು. "ಅಣ್ಣಾ, ಗುಂಡಿಯಲ್ಲಿ ನಮ್ಮೋನಿದ್ದಾನೆ, ದಮ್ಮಯ್ಯ, ಬಗ್ಗಿ ಒಂದು ಕೂಗು ಹಾಕಿ ನೋಡಿ." ಆಚೆಯಿಂದ ಚಪ್ಪಲಿ ಸದ್ದು, ಕಬ್ಬಿಣದ ಬಾಗಿಲ ಕಿರುಗುಟ್ಟು, ಕೂಗು. ಆಮೇಲೆ ತುಂಬ ಹೊತ್ತು ಏನೂ ಇಲ್ಲ. ಅಷ್ಟು ಹೊತ್ತೂ ಅವಳು ಮಾವನ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು.

"ಏನಕ್ಕಾ?" ತಮ್ಮನ ದನಿ. ಏದುಸಿರು.

"ಯಾಕೋ 'ಇದ್ದೀನಿ' ಅನ್ನಲಿಲ್ಲ?"

"ಕೈಯೆಲ್ಲ ಗ್ರೀಸು, ಮರೆತೇಬಿಟ್ಟೆ. ನೀನ್ಯಾಕೆ ಮೇಜಲ್ಲಿ? ಶುಕ್ರವಾರ ಮುಕ್ಕಾಲು ಗಂಟೆ ಮರೆತಿದ್ದೆ, ಮಾವ ಕೂಡ ಬೈಲಿಲ್ಲ. ನೀನೊಬ್ಬಳು, ಹುಲ್ಲುಕಡ್ಡಿ ಅಲುಗಿದರೆ ಹುಲಿ ಅಂತೀಯ."

"ಮೇಲೆ ಬಾ. ಕೆಲಸ ಆಮೇಲೆ ಮಾಡುವೆಯಂತೆ. ಬಂದು 'ಮೇಲಿದ್ದೀನಿ' ಅಂತ ಬರಿ."

"ಆಯ್ತು ತಾಯಿ, ಬಂದೆ ಅಂದ್ಕೊ."

ಶುಕ್ರವಾರ ಮುಕ್ಕಾಲು ಗಂಟೆ. ಅವಳು ಹಿಂದಿನ ಮಾತುಗಳನ್ನು ಉರುಳಿಸಿ ನೋಡಿದಳು. ಅದು ಒಂದೇ ಶುಕ್ರವಾರ ಅಲ್ಲ.

ಮಾವ ಬಂದಾಗ ಹನ್ನೆರಡಾಗುತ್ತಿತ್ತು. ಗೆದ್ದ ಮುಖ. ಮೇಜಿನ ಕುರ್ಚಿಯಲ್ಲಿ ಅವಳನ್ನು ಕಂಡು ಬಾಗಿಲಲ್ಲೇ ನಿಂತರು.

"ಏನು ಮರಿ, ಸಿಂಹಾಸನ ಏರಿಬಿಟ್ಟಿದ್ದೀಯ? ಪಟ್ಟಾಭಿಷೇಕಕ್ಕೆ ನನ್ನನ್ನೂ ಕರೀಬಾರದಾ?"

"ತಮ್ಮ ಗುಂಡಿಯಲ್ಲಿದ್ದ, ಮಾವ."

"ಹೌದಾ? ಉತ್ತರ ಕೊಟ್ಟಿದ್ದೆನಲ್ಲ."

"ಯಾವಾಗ ಕೊಟ್ರಿ?"

ಮಾವನ ಕಣ್ಣು ಅವಳ ಲ್ಯಾಪ್‌ಟಾಪಿನ ಪರದೆಗೆ ಹೋಯಿತು. ನೂರ ನಲವತ್ತು ಸಾಲು ಅಲ್ಲಿ ಬಿಚ್ಚಿಕೊಂಡಿತ್ತು. ಅವರು ಬಾಗಿಲು ಮುಚ್ಚಿ ಒಳಗೆ ಬಂದರು.

"ಇದನ್ನ ಯಾರು ಮಾಡಿಕೊಟ್ಟರು ನಿಮಗೆ?" ಅವಳು ಕೇಳಿದಳು. ಯಾರಾದರೂ ಹೊರಗಿನವರ ಹೆಸರು ಬರಲಿ ಎಂದು ಮನಸ್ಸು ಒಳಗೊಳಗೇ ಹರಕೆ ಹೊರುತ್ತಿತ್ತು.

"ಯಾರು ಯಾಕೆ ಮಾಡಿಕೊಡಬೇಕು? ಎರಡು ವರ್ಷ ಹಿಂದಿನ ಬೆಂಚಲ್ಲಿ ಕೂತಿದ್ದೆನಲ್ಲ. ನಿಮ್ಮ ಮೇಷ್ಟ್ರು ಚೆನ್ನಾಗೇ ಹೇಳ್ತಿದ್ದರು."

"ನೀವು ನಿದ್ದೆ ಮಾಡ್ತಿದ್ರಿ."

"ಕಣ್ಣು ಮುಚ್ಚಿದ್ದೆ. ಕಿವಿಗೆ ರೆಪ್ಪೆ ಇರುತ್ತಾ?" ಎಂದು ನಕ್ಕರು. ಅವಳು ನಗಲಿಲ್ಲವೆಂದು ನಗು ಅರ್ಧಕ್ಕೆ ಇಳಿಯಿತು. "ನೋಡು, ಮೂವತ್ತು ವರ್ಷ ಮೇಲೆ ಕೆಳಗೆ ಓಡಾಡಿದವನನ್ನ ತಂದು ಈ ಕುರ್ಚಿಗೆ ಕಟ್ಟಿಹಾಕಿದರು. ಕೂತು ಕೂತು ನನಗೂ ನಾಲ್ಕು ಮರದ ಕಾಲು ಮೊಳೆತ ಹಾಗಾಗಿತ್ತು. ಒಂದು ಗಂಟೆ ಆಚೆ ಹೋಗಿ ಬರ್ತೀನಿ ಅಷ್ಟೆ. ಎಂಟು ತಿಂಗಳಲ್ಲಿ ಏನಾದರೂ ಆಯ್ತಾ? ಆಗಲಿಲ್ಲ ತಾನೆ?"

"ಓ ಅನ್ನೋರು ಇರಬೇಕು ಅಂತ ಹೇಳಿದ್ದು ನೀವು."

"ಓ ಅಂತಿತ್ತಲ್ಲ!"

ಈ ಮಾತನ್ನು ಅವರು ಎಷ್ಟು ಸಲೀಸಾಗಿ ಹೇಳಿದರೆಂದರೆ, ಎರಡು ಬೆರಳಿನ ಕತೆಯನ್ನು ಇಷ್ಟು ವರ್ಷ ತಾನು ಕೇಳಿದ್ದು ಈ ಬಾಯಿಂದಲೇನಾ ಎಂದು ಅವಳು ಅವರ ಮುಖವನ್ನೇ ನೋಡಿದಳು.

"ತಮಾಷೆಗಳನ್ನ ನನ್ನ ಕೈಯಲ್ಲೇ ಬರೆಸಿದ್ರಿ. ಇದಕ್ಕೇ ಬರೆಸಿದ್ದಾ?"

ಮಾವ ಸ್ಟೂಲು ಎಳೆದುಕೊಂಡು ಅವಳ ಪಕ್ಕ ಕೂತರು. ದನಿ ಇಳಿಸಿದರು. ಚಿಕ್ಕಂದಿನಲ್ಲಿ ಜ್ವರ ಬಂದಾಗ ಔಷಧಿ ಕುಡಿಸುತ್ತಿದ್ದ ಅದೇ ದನಿ.

"ಆಗಿದ್ದು ಆಯ್ತು. ಈಗ ಇದು ಹುಡುಗರಿಗೆ ಗೊತ್ತಾಗೋದು ಬೇಡ. ಗೊತ್ತಾಗಲೇಬೇಕು ಅಂದರೆ ಒಂದು ಕೆಲಸ ಮಾಡು. ಹೊಸ ತಂತ್ರಾಂಶ ಹಾಕಿದೆ, ಬಾಲ ಕೆಟ್ಟು ತನ್ನಷ್ಟಕ್ಕೆ ತಾನೇ ಬಡಬಡಿಸಿಬಿಡ್ತು ಅಂತ ಹೇಳಿಬಿಡು. ನಿನ್ನ ಮಾತಾದರೆ ನಂಬ್ತಾರೆ."

"ನಾನು ಕೆಡಿಸಿದೆ ಅಂತ ಹೇಳಬೇಕಾ?"

"ಕಲಿಯೋ ಕೈ, ತಪ್ಪುತ್ತೆ. ನಿನ್ನನ್ನ ಯಾರು ಏನಂತಾರೆ? ನನಗಾದರೆ ಈ ವಯಸ್ಸಲ್ಲಿ ಮೇಜೂ ಹೋಗುತ್ತೆ, ಮಾನವೂ ಹೋಗುತ್ತೆ." ಸ್ವಲ್ಪ ತಡೆದು ಸೇರಿಸಿದರು: "ಅನುಮತಿ ಕೊಟ್ಟಿದ್ದೂ ನೀನೇ ಅಲ್ವಾ. ನಿನ್ನ ಪುಸ್ತಕದಲ್ಲೇ ಇದೆ."

ಅವಳಿಗೆ ಹೊಡೆದ ಹಾಗಾಯಿತು. ತನ್ನ ಅಳುಕಿನ ಒಂದೊಂದು ಮೂಲೆಯನ್ನೂ ಬಲ್ಲ ಮನುಷ್ಯ. ಯಾವ ಮೂಲೆಗೆ ಕೈ ಹಾಕಿದರೆ ಬಾಗುತ್ತಾಳೆಂದು ತಿಳಿದೇ ಕೈ ಹಾಕಿದ್ದಾರೆ. ಇನ್ಯಾವ ದಿನವಾದರೂ ಅವಳು ಬಾಗಿಬಿಡುತ್ತಿದ್ದಳು. ಹೌದೇನೋ, ನನ್ನದೇ ತಪ್ಪೇನೋ ಎಂದು ರಾತ್ರಿಯೆಲ್ಲ ಹೊರಳಾಡುತ್ತಿದ್ದಳು. ಆದರೆ ಇವತ್ತು ಮಾಡಿದ ಕೆಲಸ ಅವಳಿಗೆ ಖಚಿತವಾಗಿ ಗೊತ್ತಿತ್ತು. ಒಂದೇ ಬದಲಾವಣೆ ಮಾಡಿದ್ದಳು, ನೋಡಿದ್ದಳು, ಬರೆದಿದ್ದಳು.

"ಅದು ಕೆಟ್ಟಿರಲಿಲ್ಲ ಮಾವ. ನೀವು ಹೇಳಿಕೊಟ್ಟ ಹಾಗೇ ಮಾಡ್ತಿತ್ತು."

ಮೂರನೇ ಬಾಲವನ್ನು ನಿಲ್ಲಿಸಿದಳು, ಮಾವನ ಹೆಸರಿನ ಅನುಮತಿ ಅಳಿಸಿದಳು. ಆಮೇಲೆ ಚಾಟ್‌ನಲ್ಲಿ ತನ್ನ ಹೆಸರಿನಲ್ಲಿ ಬರೆಯತೊಡಗಿದಳು. ಎರಡು ಸಲ ಬರೆದು ಎರಡು ಸಲ ಅಳಿಸಿದಳು. ಮಾವ ಪಕ್ಕದಿಂದ, "ಬೇಡ ಮರಿ. ನಿಮ್ಮಮ್ಮನ ಮುಖ ನೋಡಿಯಾದರೂ ಬೇಡ" ಎನ್ನುತ್ತಿದ್ದರು. ಮೂರನೇ ಸಲ ಬರೆದದ್ದು ಉಳಿಯಿತು:

'ಎಂಟು ತಿಂಗಳಿಂದ ಇಳೀಲಾ ಅಂದಾಗ ಉತ್ತರ ಕೊಡ್ತಿದ್ದದ್ದು ಆಡ್-ಆನ್. ಎಷ್ಟೋ ಸಲ ಮೇಜಿನಲ್ಲಿ ಯಾರೂ ಇರಲಿಲ್ಲ. ಮಾವನ ಹೆಸರಲ್ಲಿ ಬರೆಯುವ ಅನುಮತಿ ಕೊಟ್ಟವಳು ನಾನು. ಇಂಥ ಬಳಕೆ ನನಗೆ ಗೊತ್ತಿರಲಿಲ್ಲ. ಈಗ ಕಿತ್ತು ಹಾಕಿದ್ದೀನಿ. ನಾನು ಹೇಳುವವರೆಗೆ ಯಾರೂ ಇಳಿಯಬೇಡಿ.'

ಕಳಿಸಿದಳು. ಮಾವ ಎದ್ದು ಕಿಟಕಿಗೆ ಮುಖ ಮಾಡಿ ನಿಂತರು. ಒಬ್ಬೊಬ್ಬರೇ ನೋಡಿದ ಗುರುತು ಬೀಳುತ್ತ ಹೋಯಿತು. ಏಳು. ಎಂಟು. ಕೊನೆಗೆ ಬರೆದವನು ಕುಳ್ಳ ಮೆಕ್ಯಾನಿಕ್: 'ನನ್ನ ಮಗು ಹುಟ್ಟಿದ ದಿನ, ಅಪ್ಪ ಆದೋನು ಹುಷಾರಾಗಿ ಇಳಿ ಅಂದಿದ್ದು?'

"ಅದು ನಾನೇ ಹೇಳಿದ್ದು" ಎಂದರು ಮಾವ, ತಿರುಗಿ ಬಂದು ಅವಳ ಬೆನ್ನ ಹಿಂದಿನಿಂದ ಓದಿ. "ಆಣೆ ಮಾಡಿ ಹೇಳ್ತೀನಿ, ಅದು ನಾನೇ. ಬರಿ ಅವನಿಗೆ."

ಆ ಸಾಲು ಪಟ್ಟಿಯಲ್ಲಿ ಇದೆಯೋ ಇಲ್ಲವೋ ಅವಳು ಹುಡುಕಿ ನೋಡಬಹುದಿತ್ತು. ಹುಡುಕಲಿಲ್ಲ. ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದಳು. "ನೀವೇ ಬರೀರಿ." ಮಾವ ಎಂಟು ಬೆರಳನ್ನು ಕೀಲಿಮಣೆಯ ಮೇಲಿಟ್ಟು ಬಹಳ ಹೊತ್ತು ಕೂತರು. ಅವರು ಏನು ಬರೆದರೂ ಇನ್ನು ಅದನ್ನು ಅವರೇ ಬರೆದದ್ದೆಂದು ನಂಬುವವರು ಯಾರು? ಅದು ಅವರಿಗೂ ಹೊಳೆದಿರಬೇಕು. ಚೀಲ ಹೆಗಲಿಗೇರಿಸಿ ಎದ್ದು ಹೊರಟರು. ಕೀ ಅಂಗಡಿಯ ಕಡೆ ತಿರುಗದೆ ರಸ್ತೆಯ ಇನ್ನೊಂದು ತುದಿಗೆ ನಡೆದರು.

ತಮ್ಮ ಫೋನು ಮಾಡಿದ್ದು ಊಟದ ಹೊತ್ತು ಕಳೆದ ಮೇಲೆ.

"ನಿನಗೆ ಗೊತ್ತಿತ್ತಾ ಅಕ್ಕಾ?"

"ಇಲ್ಲ ಕಣೋ."

"ಎಂಟು ತಿಂಗಳು. ನಿನ್ನದೇ ಸರ್ವರು."

"ಗೊತ್ತಿರಲಿಲ್ಲ."

ಅವನ ಹಿಂದೆ ಯಾವುದೋ ವಾಹನದ ಹಾರನ್ನು ಕೇಳಿಸಿತು.

"ಅರ್ಧ ಕೆಲಸ ಬಾಕಿ ಇದೆ. ಮೂರು ಗಂಟೆಗೆ ಇಳೀಬೇಕು. ಮೇಜಲ್ಲಿ ಯಾರಿರ್ತಾರೆ?"

"ನಾನಿರ್ತೀನಿ. ನೀನು ಬರೆದ ತಕ್ಷಣ..."

"ಬರೆಯೋದು ಬೇಡ. ನಾನು ಫೋನು ಮಾಡ್ತೀನಿ, ನೀನು ಎತ್ತು. ನಾನು ಮೇಲೆ ಬರೋವರೆಗೂ ಇಡಬೇಡ. ಮಾತಾಡ್ತಾ ಇರು."

"ಏನು ಮಾತಾಡಲಿ?"

"ಏನಾದರೂ ಮಾತಾಡು. ತಮಾಷೆ ಮಾತ್ರ ಬೇಡ."

ಮೂರಕ್ಕೆ ಐದು ನಿಮಿಷವಿರುವಾಗ ಫೋನು ಬಡಿಯಿತು. ಅವಳು ಎತ್ತಿದಳು. ಕಬ್ಬಿಣದ ಏಣಿಯ ಮೇಲೆ ಅವನ ಕಾಲು ಒಂದೊಂದಾಗಿ ಇಳಿಯುವುದು ಕೇಳಿಸುತ್ತಿತ್ತು. ಏನು ಹೇಳಬೇಕೆಂದು ತೋಚದೆ ಎದುರಿಗೆ ಕಂಡದ್ದನ್ನೇ ಹೇಳುತ್ತ ಹೋದಳು: ಗಡಿಯಾರ ಎರಡು ನಿಮಿಷ ಮುಂದಿದೆ, ಕಿಟಕಿಯ ಮೇಲೆ ಒಂದು ನೊಣ, ಎದುರಿನ ಅಂಗಡಿಯವನು ಚದುರಂಗದ ಮಣೆ ಎತ್ತಿಡುತ್ತಿದ್ದಾನೆ, ಸ್ಟೋರಿಗೆ ಹೊಸ ರೋಲರ್ ಬಂದಿದೆ, ನಿನ್ನ ಸೈಜಿನ ಕೈಗವಸು ಮುಗಿದಿದೆ. ಒಂದೊಂದು ಮಾತಿನ ನಡುವೆ ನಿಲ್ಲಿಸಿ ಅವಳು ಕಾಯುತ್ತಿದ್ದಳು, ಕೆಳಗಿನಿಂದ ಅವನು "ಹೂಂ" ಎನ್ನುತ್ತಿದ್ದ.